ಸವೆತವೂ ಕಲೆಯೂ

ಮಣ್ಣನ್ನೇ ನಂಬಿ ಬದುಕುವ ಊರಿನಲ್ಲಿ ಕಾರನ್ನು ಶುಚಿಯಾಗಿ ಇಟ್ಟುಕೊಳ್ಳುವುದು ಸಣ್ಣ ಸಾಹಸವಲ್ಲ. ತಾಳವಾಡಿ ಸೀಮೆಯಲ್ಲಿ ಕಾರು ಮದುವೆ ಮುಂಜಿಗಳಿಗೆ ಮಾತ್ರ ಹೊರಡುವ ವಾಹನವಾಗಿ ಉಳಿದಿಲ್ಲ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಕಾರೇ ಮಧ್ಯಾಹ್ನ ಟೊಮೆಟೊ ಪೆಟ್ಟಿಗೆಯನ್ನು ಹೊರುತ್ತದೆ; ಸಂಜೆ ಹಾಲಿನ ಕ್ಯಾನಿಗೆ ಜಾಗ ಕೊಡುತ್ತದೆ; ಅಪರಾತ್ರಿಯಲ್ಲಿ ಬೇನೆ ತಿನ್ನುತ್ತಿರುವ ಸೊಸೆಯನ್ನು ಚಾಮರಾಜನಗರದ ಆಸ್ಪತ್ರೆಗೆ ಮುಟ್ಟಿಸುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ವಾಹನದ ಒಡಲು ಅಂಗಡಿಯಲ್ಲಿ ನಿಂತಿದ್ದ ದಿನದಂತೆಯೇ ಇರಬೇಕೆಂದು ಬಯಸುವುದು ಮನುಷ್ಯ ಸಹಜವಾದ ಆಸೆ. ಆ ಆಸೆಗೆ ಎಲ್ಲಿಯವರೆಗೆ ಮಣೆ ಹಾಕಬೇಕೆಂಬುದೇ ಪ್ರಶ್ನೆ.

ಎತ್ತಿನ ಗಾಡಿಯ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಗಾಡಿಗೆ ಒಣಹುಲ್ಲು ಹರಡಿ, ಮೇಲೊಂದು ಕಂಬಳಿ ಹಾಸಿದರೆ ಆಸನ ಸಿದ್ಧವಾಗುತ್ತಿತ್ತು. ಊರು ಸೇರಿದ ಮೇಲೆ ಹುಲ್ಲು ಎತ್ತಿನ ಪಾಲು. ಕಂಬಳಿಯನ್ನು ಕೊಡವಿ ಬಿಸಿಲಿಗೆ ಹರಡಿದರೆ ಮುಗಿಯಿತು. ಇಂದಿನ ಕಾರಿನ ಸೀಟನ್ನು ಹಾಗೆ ಕೊಡವಲಾಗದು. ಮೇಲೆ ಬಟ್ಟೆ, ಒಳಗೆ ದಪ್ಪ ಸ್ಪಂಜು. ಮೇಲೆ ಬಿದ್ದದ್ದೆಲ್ಲ ಒಳಗಿಳಿಯುತ್ತದೆ, ಒಳಗಿಳಿದದ್ದು ಹೊರಬರಲು ಒಪ್ಪುವುದಿಲ್ಲ. ಆದರೂ ಹಿರಿಯರ ಕಂಬಳಿಯ ತತ್ತ್ವ ಹಳತಾಗಿಲ್ಲ. ತೆಗೆದು ಒಗೆಯಬಹುದಾದ ಒಂದು ಹತ್ತಿಯ ಹೊದಿಕೆ ಯಾವ ದುಬಾರಿ ಪಾಲಿಶ್‌ಗಿಂತಲೂ ಹೆಚ್ಚು ಕಾಲ ಸೀಟನ್ನು ಕಾಯುತ್ತದೆ.

ಹಲವು ಮನೆಗಳಲ್ಲಿ ಮಾತ್ರ ಹೊಸ ಕಾರಿನೊಡನೆ ಬಂದ ಪಾರದರ್ಶಕ ಪ್ಲಾಸ್ಟಿಕ್ಕನ್ನು ವರ್ಷಗಟ್ಟಲೆ ತೆಗೆಯದೆ ಉಳಿಸಿಕೊಳ್ಳುವುದುಂಟು. ಅದು ಕಾರ್ಖಾನೆಯಿಂದ ಅಂಗಡಿಯವರೆಗಿನ ಪ್ರಯಾಣಕ್ಕೆ ಮಾಡಿದ ಹೊದಿಕೆಯೇ ಹೊರತು ಸಂಸಾರದ ಪ್ರಯಾಣಕ್ಕೆ ಮಾಡಿದ್ದಲ್ಲ. ಬೆವರು, ಮಳೆಗಾಲದ ತೇವ ಅದರಡಿಯಲ್ಲಿ ಸಿಕ್ಕಿಕೊಂಡು, ಗಾಳಿಯಾಡದೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಕಾಪಾಡಬೇಕೆಂದು ಮಾಡಿದ್ದೇ ಕೆಡಿಸುತ್ತದೆ. ಹೊಸ ಹೊದಿಕೆ ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಕೆಲವು ಕಾರುಗಳಲ್ಲಿ ಮುಂದಿನ ಸೀಟಿನ ಪಕ್ಕದೊಳಗೇ ಏರ್‌ಬ್ಯಾಗ್ ಇರುತ್ತದೆ; ಸೀಟಿನ ಅಂಚಿನಲ್ಲಿ ಅದರ ಗುರುತಿನ ಚೀಟಿಯನ್ನು ಹೊಲಿದಿರುತ್ತಾರೆ. ಆ ಭಾಗವನ್ನು ಬಿಗಿಯಾಗಿ ಮುಚ್ಚುವ ಹೊದಿಕೆ ಹಾಕಿದರೆ ಅಪಘಾತದ ಗಳಿಗೆಯಲ್ಲಿ ಏರ್‌ಬ್ಯಾಗ್ ಅರಳಲು ಅಡ್ಡಿಯಾಗಬಹುದು. ಕಾಲಡಿಯ ಮ್ಯಾಟಿನ ವಿಷಯವೂ ಹೀಗೆಯೇ. ಕೊಳೆಯಾಗದಿರಲೆಂದು ಚಾಲಕನ ಕಾಲಡಿಯಲ್ಲಿ ಒಂದರ ಮೇಲೊಂದು ಮ್ಯಾಟು ಹಾಸಿದರೆ ಅದು ಜರುಗಿ ಬ್ರೇಕಿನ ಅಡಿಗೆ ಸೇರಬಹುದು. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ 27 ತಿರುವುಗಳು ಸೀಟಿನ ಮಟ್ಟಿಗೂ ಪರೀಕ್ಷೆಯೇ. ಸತ್ಯಮಂಗಲದ ಕಡೆಗೆ ಹೊರಟ ಮಕ್ಕಳು ಬಣ್ಣಾರಿಯನ್ನು ತಲುಪುವ ಮೊದಲೇ ತಿಂದದ್ದನ್ನು ಒಪ್ಪಿಸಿಬಿಡುವುದು ಯಾವ ಮನೆಗೂ ಹೊಸದಲ್ಲ. ಆಗ ಗದರಿಕೆಯಿಂದ ಪ್ರಯೋಜನವಿಲ್ಲ. ಗಟ್ಟಿ ಭಾಗವನ್ನು ತೆಗೆದು, ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒತ್ತಿ, ಮನೆಗೆ ಬಂದ ಮೇಲೆ ಅಡುಗೆ ಸೋಡಾವನ್ನು ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗುಡಿಸಿ ತೆಗೆದರೆ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ. ಹಾಲಿಗೂ ರಕ್ತಕ್ಕೂ ತಣ್ಣೀರೇ ಮದ್ದು. ಬಿಸಿನೀರು ತಾಗಿದರೆ ಅವುಗಳಲ್ಲಿರುವ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೆ ಅಂಟಿಕೊಳ್ಳುತ್ತದೆ. ಮಣ್ಣಿನ ರೀತಿ ಬೇರೆ. ಹಸಿ ಕೆಸರನ್ನು ಉಜ್ಜಿದಷ್ಟೂ ಅದು ಒಳಕ್ಕಿಳಿಯುತ್ತದೆ. ಒಣಗಲು ಬಿಟ್ಟು ಬ್ರಷ್ಷಿನಿಂದ ಕೊಡವಿದರೆ ತಾನಾಗಿ ಉದುರುತ್ತದೆ. ಎಣ್ಣೆಯ ಜಿಡ್ಡಿನ ಮೇಲೆ ಟಾಲ್ಕಂ ಪುಡಿ ಹರಡಿದರೆ ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ.

ಅರಿಸಿನ ಬೆಳೆಯುವ ಈ ನಾಡಿನಲ್ಲಿ ಅರಿಸಿನದ ಕಲೆಯ ಮಾತು ಬಾರದಿದ್ದರೆ ಲೇಖನ ಅಪೂರ್ಣ. ಅರಿಸಿನದ ಕಲೆಗೆ ಸೋಪು ತಾಗಿದೊಡನೆ ಅದು ಕೆಂಪಾಗುವುದನ್ನು ಕಂಡು ಗಾಬರಿಯಾಗುವವರುಂಟು. ಅದು ಹೊಸ ಕಲೆಯಲ್ಲ. ಅರಿಸಿನದ ಬಣ್ಣಕ್ಕೆ ಕ್ಷಾರ ಸೋಕಿದಾಗ ಹೀಗಾಗುತ್ತದೆ. ಸುಣ್ಣ ಬೆರೆತ ಅರಿಸಿನ ಓಕುಳಿಯಾಗುವುದೂ ಇದೇ ಗುಣದಿಂದ. ಈ ಬಣ್ಣ ಸೋಪಿಗೆ ಬಗ್ಗದಿದ್ದರೂ ಬಿಸಿಲಿಗೆ ಬಗ್ಗುತ್ತದೆ. ತೊಳೆದ ಹೊದಿಕೆಯನ್ನು ಕೆಲವು ದಿನ ಬಿಸಿಲಿನಲ್ಲಿ ಹರಡಿದರೆ ಕಲೆ ತಾನೇ ಮಸುಕಾಗುತ್ತದೆ. ಆದರೆ ಅದೇ ಬಿಸಿಲು ಕಾರಿನ ಡ್ಯಾಶ್‌ಬೋರ್ಡನ್ನು ಬಿರುಕು ಬಿಡಿಸುತ್ತದೆ, ರೆಕ್ಸಿನ್ನನ್ನು ಒರಟಾಗಿಸುತ್ತದೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮುಳುವಾಗುವುದು ಲೋಕದ ರೀತಿ. ಆದ್ದರಿಂದ ಕಾರಿಗೆ ನೆರಳು, ಹೊದಿಕೆಗೆ ಬಿಸಿಲು.

ಇಷ್ಟೆಲ್ಲ ಮಾಡಿದ ಮೇಲೂ ಸೀಟು ಸವೆಯುತ್ತದೆ. ಇಲ್ಲಿ ಕಾನೂನಿನ ಒಂದು ವಿವೇಕವನ್ನು ನೆನೆಯಬಹುದು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮು ಬಾಡಿಗೆದಾರನ ಹೊಣೆಯನ್ನು ಹೇಳುತ್ತದೆ. ಪಡೆದ ಸ್ಥಿತಿಯಲ್ಲಿಯೇ ಅವನು ಆಸ್ತಿಯನ್ನು ಹಿಂದಿರುಗಿಸಬೇಕು. ಆದರೆ ನ್ಯಾಯವಾದ ಬಳಕೆಯಿಂದಾದ ಸವೆತಕ್ಕೆ ಅವನು ಹೊಣೆಯಲ್ಲ. ಮೋಟಾರು ವಿಮೆ ಇದೇ ಭೇದವನ್ನು ಇನ್ನೊಂದು ಮಗ್ಗುಲಿನಿಂದ ನೋಡುತ್ತದೆ. ಅಪಘಾತದ ಹಾನಿಗೆ ಪರಿಹಾರವುಂಟು, ಸವೆತಕ್ಕೆ ಇಲ್ಲ. ಅಪಘಾತದಲ್ಲಿ ಹಾಳಾದ ರಬ್ಬರು, ನೈಲಾನ್, ಪ್ಲಾಸ್ಟಿಕ್ ಭಾಗಗಳನ್ನು ಬದಲಿಸುವಾಗಲೂ ಸಾಮಾನ್ಯ ಪಾಲಿಸಿಯಲ್ಲಿ ಬೆಲೆಯ ಶೇಕಡಾ 50ರಷ್ಟನ್ನು ಕಳೆಯುತ್ತಾರೆ. ಹಾನಿ ಬೇರೆ, ಸವೆತ ಬೇರೆ. ಹಾನಿ ಅಜಾಗ್ರತೆಯ ಫಲ. ಸವೆತ ಬಳಕೆಯ ಸಾಕ್ಷಿ. ಹಾನಿಯನ್ನು ತಡೆಯಬೇಕು, ಸವೆತವನ್ನು ಒಪ್ಪಬೇಕು.

ಈ ಭೇದ ಮರೆತ ಮನೆಯಲ್ಲಿ ಕಾರು ಯಜಮಾನನಾಗುತ್ತದೆ. ಹೊಲದಿಂದ ಬಂದ ಅಜ್ಜಿ ತೆರೆದ ಬಾಗಿಲ ಮುಂದೆ ಮೆಟ್ಟನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. “ನಾ ನಡ್ಕಂಡೇ ಬತ್ತೀನಿ ಕನಪ್ಪ, ಸೀಟು ಮಣ್ಣಾಯ್ತದ” ಎನ್ನುತ್ತಾಳೆ. ಕಾರಿನ ಕಂತನ್ನು ಕಟ್ಟುವುದು ಅವಳ ಕಾಲಿಗೆ ಅಂಟಿದ ಆ ಮಣ್ಣೇ ಎಂಬುದು ಆ ಕ್ಷಣದಲ್ಲಿ ಯಾರಿಗೂ ಹೊಳೆಯುವುದಿಲ್ಲ. ದೀಪಾವಳಿಯ ಬೆನ್ನಲ್ಲೇ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬದಲ್ಲಿ ಸಗಣಿಯ ಉಂಡೆಗಳನ್ನು ಒಬ್ಬರಿಗೊಬ್ಬರು ಎಸೆದು ನಲಿಯುವ ಜನ ಇವರು. ಸಗಣಿಯನ್ನು ಮೈಗೆ ಮೆತ್ತಿಕೊಂಡು ನಗಬಲ್ಲ ಸೀಮೆಗೆ ಸೀಟಿನ ಮೇಲಿನ ಹಿಡಿ ಮಣ್ಣು ಅವಮಾನವಾಗಬಾರದು. ಬಾಗಿಲ ಬಳಿ ಒಂದು ಹಳೆಯ ಟವೆಲ್ಲನ್ನು ಇಟ್ಟುಕೊಂಡರೆ ಅಜ್ಜಿಯ ಸಂಕೋಚವೂ ಸೀಟಿನ ಮಾನವೂ ಒಟ್ಟಿಗೆ ಉಳಿಯುತ್ತವೆ.

ಇದಕ್ಕಿಂತ ಕಠಿಣವಾದ ಪರೀಕ್ಷೆ ರಸ್ತೆಯ ಮೇಲೆ ಬರುತ್ತದೆ. ಘಾಟಿಯ ತಿರುವಿನಲ್ಲಿ ಬೈಕು ಜಾರಿ ಬಿದ್ದವನೊಬ್ಬ ರಕ್ತದಲ್ಲಿ ಮಿಂದಿರುತ್ತಾನೆ. ಆಂಬುಲೆನ್ಸು ಬೆಟ್ಟ ಹತ್ತಿ ಬರಲು ಹೊತ್ತಾಗುವಂತಿದೆ. ಹಾದುಹೋಗುವ ಕಾರು ನಿಧಾನವಾಗುತ್ತದೆ, ಆಮೇಲೆ ಮುಂದೆ ಸಾಗುತ್ತದೆ. ಹಾಗೆ ಸಾಗಿದವರು ಹಿಂದೆಲ್ಲ ಪೊಲೀಸು, ಕೋರ್ಟಿನ ಅಲೆದಾಟವನ್ನು ಕಾರಣವಾಗಿ ಹೇಳುತ್ತಿದ್ದರು. ಆ ಮಾತಿಗೆ ಈಗ ಬಲವಿಲ್ಲ. ಗಾಯಾಳುಗಳಿಗೆ ನೆರವಾಗುವವರನ್ನು ರಕ್ಷಿಸುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರಲ್ಲಿ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಸದ್ಭಾವದಿಂದ ನೆರವಾದವನ ಮೇಲೆ ಆ ಕಾರಣಕ್ಕೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳೆಂದು ಅವನನ್ನು ಒತ್ತಾಯಿಸುವಂತಿಲ್ಲ. ಕಾನೂನಿನ ಭಯ ಹೋದ ಮೇಲೆ ಉಳಿಯುವುದು ಕಲೆಯ ಭಯವೊಂದೇ. ಅದನ್ನು ತೆಗೆಯುವ ಕಲಮನ್ನು ಯಾವ ಸಂಸತ್ತೂ ಬರೆಯಲಾರದು.

ಬರೆಯಬಲ್ಲವರು ಮನೆಯವರೇ. ಡಿಕ್ಕಿಯಲ್ಲಿ ಮಡಚಿಟ್ಟ ಒಂದು ಹಳೆಯ ಕಂಬಳಿ, ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಎರಡು ಬಾಟಲಿ ನೀರು: ಇಷ್ಟಿದ್ದರೆ ಗಾಯಾಳುವನ್ನು ಕೂರಿಸಿಕೊಳ್ಳುವ ಮುನ್ನ ಸೀಟಿನ ಚಿಂತೆ ಒಂದು ನಿಮಿಷವೂ ಬೇಕಾಗದು. ವಾಂತಿ ಮಾಡುವ ಮಗುವಿಗೂ, ಹೆರಿಗೆಗೆ ಹೊರಟ ಹೆಣ್ಣುಮಗಳಿಗೂ ಅದೇ ಕಂಬಳಿ ಒದಗುತ್ತದೆ. ಸೀಟನ್ನು ಕಾಯುವ ಸಿದ್ಧತೆಯೇ ಮನುಷ್ಯರನ್ನು ಹತ್ತಿಸಿಕೊಳ್ಳುವ ಧೈರ್ಯವೂ ಆಗುವುದು ಹೀಗೆ. ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿರುತ್ತಾರೆ. ಕಾರು ನಿಂತಿತೋ ಮುಂದೆ ಸಾಗಿತೋ ಎಂಬುದು ಅವರಿಗೆ ಯಾವ ಪಠ್ಯಕ್ಕಿಂತಲೂ ಹೆಚ್ಚು ಕಾಲ ನೆನಪಿರುತ್ತದೆ. ರಕ್ತದ ಕಲೆಯನ್ನು ತಣ್ಣೀರಿನಲ್ಲಿ ತೆಗೆಯಬಹುದೆಂದು ಅವರಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು.