ನಾಲ್ವರು ಕೂಡಿದಲ್ಲಿ ಯಾರ ಮಾತು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಕನ್ನಡವು ಬಹುಸಂಖ್ಯಾತರ ಮನೆಮಾತೂ ಹೌದು, ಸಂತೆ, ಕಚೇರಿ, ಶಾಲೆಗಳ ವ್ಯವಹಾರಭಾಷೆಯೂ ಹೌದು. ಆದರೆ ಪೇಟೆಯ ಅನೇಕ ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದುವೂ, ತಾಂಡಾಗಳೆಂದು ಕರೆಯಲ್ಪಡುವ ಲಂಬಾಣಿಗರ ವಸತಿಗಳಲ್ಲಿ ಅವರ ಗೋರಬೋಲಿಯೂ ನಡೆಯುವುದರಿಂದ, ನಾಲ್ವರು ಕೂಡಿದಲ್ಲಿ ಯಾವ ಭಾಷೆಯನ್ನು ಆಡಬೇಕೆಂಬುದು ಇಲ್ಲಿ ನಡವಳಿಕೆಯ ಪ್ರಶ್ನೆಯಾಗುತ್ತದೆ.

ಎದುರಿರುವವರಿಗೆ ತಕ್ಕಂತೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದನ್ನು ಭಾಷಾವಿಜ್ಞಾನಿಗಳು ಸಂಕೇತ ಪಲ್ಲಟವೆನ್ನುತ್ತಾರೆ. ಸಂತೆಗೆ ಬಂದ ಲಂಬಾಣಿ ರೈತನು ಹೆಂಡತಿಯೊಡನೆ ಗೋರಬೋಲಿಯಲ್ಲಿ ಬೆಲೆಯ ವಿಚಾರ ಮಾಡಿ, ಮರುಗಳಿಗೆಯಲ್ಲೇ ವರ್ತಕನತ್ತ ತಿರುಗಿ ಕನ್ನಡದಲ್ಲಿ ಚೌಕಾಸಿಗಿಳಿಯುವಾಗ ಈ ಪಲ್ಲಟವು ಎಷ್ಟು ಸಲೀಸೆಂದರೆ, ಅದರ ಹಿಂದಿನ ಶ್ರಮ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬದಲಿಗೆ, ಗಂಡಹೆಂಡಿರು ತಮ್ಮೊಳಗೆ ಆಡಿಕೊಂಡದ್ದನ್ನೇ ಮುಚ್ಚುಮರೆಯೆಂದು ಶಂಕಿಸುವುದುಂಟು. ಇದು ಸಲ್ಲದ ಶಂಕೆ. ಕನ್ನಡದ ದಂಪತಿಗಳು ಅದೇ ಮಾತನ್ನು ಪಿಸುಗುಟ್ಟಿದರೆ ಯಾರೂ ತಪ್ಪೆಣಿಸುವುದಿಲ್ಲ.

ದಾಟುವ ಹೊಣೆ ಎಲ್ಲೆಡೆಯೂ ಹೀಗೆ ಒಂದೇ ಕಡೆಗೆ ವಾಲಿರುವುದಿಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪ್ವಾಡದ ಬಗೆಗೆ ಭಾಷಾವಿಜ್ಞಾನಿಗಳಾದ ಗುಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಭೂಮಿಯುಳ್ಳ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು. ಆದರೂ ಗುಂಪು ಗುಂಪುಗಳ ನಡುವಿನ ವ್ಯವಹಾರಕ್ಕೆ ಇಬ್ಬರ ಮನೆಯದೂ ಅಲ್ಲದ ಮರಾಠಿ ಸಲ್ಲುತ್ತಿತ್ತು. ಇಂಥದನ್ನು ತಟಸ್ಥ ಭಾಷೆಯೆನ್ನಬಹುದು, ಏಕೆಂದರೆ ಅದನ್ನಾಡಿದವರಲ್ಲಿ ಯಾರೂ ಇನ್ನೊಬ್ಬರ ಅಂಗಳಕ್ಕೆ ಹೋದಂತಾಗುವುದಿಲ್ಲ. ಕಡೂರು ಸೀಮೆಗೆ ಅಂಥ ಭಾಷೆಯಿಲ್ಲ.

ಕನ್ನಡವೇ ಇಲ್ಲಿಯ ಸಾಮಾನ್ಯ ಭಾಷೆಯಾಗಿರುವುದು ಸಹಜವೂ ನ್ಯಾಯವೂ ಆಗಿದೆ. ರಾಜ್ಯದ 1963ರ ರಾಜಭಾಷಾ ಅಧಿನಿಯಮವು ಅದಕ್ಕೆ ಆಡಳಿತದಲ್ಲಿ ಕೊಟ್ಟ ಸ್ಥಾನವೂ ಹಾಗೆಯೇ ಉಳಿಯತಕ್ಕದ್ದು. ಆದರೆ ಸಾಮಾನ್ಯ ಭಾಷೆ ಯಾರ ಮನೆಮಾತೋ ಅವರ ಸೌಜನ್ಯದ ಪಾಲು ದೊಡ್ಡದು. ಲಿಂಗವಚನ ತಪ್ಪಿದ ಕನ್ನಡವನ್ನು ಅಣಕಿಸದಿರುವುದು, ಉರ್ದುವಿನ ಮನೆಗೆ ಹೋದಾಗ ಒಂದು ಕುಶಲದ ಮಾತನ್ನಾದರೂ ಅವರ ನುಡಿಯಲ್ಲಿ ಆಡುವುದು ಕಷ್ಟದ ಕೆಲಸಗಳಲ್ಲ. ಇವೆಲ್ಲಕ್ಕಿಂತ ಮುಖ್ಯವಾದುದು ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕಾಣುವ ಸಂದರ್ಭ: ಕನ್ನಡ ಅಷ್ಟಾಗಿ ಬಾರದ ತಾಂಡಾದ ಅಜ್ಜಿಯ ಜೊತೆ ಮೊಮ್ಮಗ ಬಂದಿದ್ದರೆ, ಎಲ್ಲರೂ ಅವನೊಡನೆಯೇ ಮಾತು ಮುಗಿಸಿಬಿಡುತ್ತಾರೆ. ನೋವು ಅಜ್ಜಿಯದು, ಪಿಂಚಣಿಯೂ ಅವಳದೇ. ಆದ್ದರಿಂದ ಮೊಮ್ಮಗ ಅನುವಾದಿಸಿ ಹೇಳಿದರೂ, ಪ್ರಶ್ನೆಯನ್ನು ಅವಳ ಮುಖ ನೋಡಿ, ‘ಅಜ್ಜಿ, ನಿಮಗೆ’ ಎಂದೇ ಕೇಳಬೇಕು, ಉತ್ತರ ಅವಳ ಭಾಷೆಯಲ್ಲಿ ಮುಗಿಯುವವರೆಗೆ ಕಾಯಬೇಕು.