ಓರೆಗೆ ಹೊರಡುವ ಮುನ್ನ

ಸ್ವೀಡನ್ನಿನ ಯೆಮ್ಟ್‌ಲಾಂಡ್ ಸೀಮೆಯಲ್ಲಿ, ನಾರ್ವೆಯ ಗಡಿಗೆ ಸಮೀಪದಲ್ಲಿ, ಒಂದು ಸರೋವರಕ್ಕೂ ಒಂದು ಬೆಟ್ಟಕ್ಕೂ ನಡುವೆ ಹಬ್ಬಿಕೊಂಡಿರುವ ಪುಟ್ಟ ಊರಿನ ಹೆಸರು ಓರೆ. ಕನ್ನಡ ಬಲ್ಲವರಿಗೆ ಇದನ್ನು ಕೇಳಿದೊಡನೆ ನಗು ಬಂದೀತು. ಊರಿರುವುದೂ ಬೆಟ್ಟದ ಓರೆಯಲ್ಲಿಯೇ. ಶಬ್ದಸಂಬಂಧವೇನೂ ಇಲ್ಲ, ಬರಿಯ ಆಕಸ್ಮಿಕ. ಓರೆಸ್ಕೂತಾನ್ ಎಂಬ ಆ ಬೆಟ್ಟದ ಎತ್ತರ 1,420 ಮೀಟರ್. ಹಿಮದ ಇಳಿಜಾರಿನಲ್ಲಿ ಸ್ಕೀ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಜಾರುವ ಆಟದ ವಿಶ್ವ ಚಾಂಪಿಯನ್‌ಷಿಪ್ ಇಲ್ಲಿ 1954, 2007 ಮತ್ತು 2019ರಲ್ಲಿ ನಡೆದಿದೆ.

ಇಲ್ಲಿಗೆ ಹೊರಡಲೆಣಿಸುವ ಸ್ವೀಡಿಷ್ ಕುಟುಂಬವು ಮೊದಲು ಶಾಲೆಯ ಕ್ಯಾಲೆಂಡರನ್ನು ತೆರೆಯುತ್ತದೆ. ಹಣದ ಲೆಕ್ಕ ಆಮೇಲಿನದು. ಆ ದೇಶದಲ್ಲಿ ವರ್ಷದ ವಾರಗಳನ್ನು ಅಂಕಿಯಿಂದಲೇ ಗುರುತಿಸುವುದು ರೂಢಿ. ಏಳನೆಯ ವಾರದಿಂದ ಹತ್ತನೆಯ ವಾರದವರೆಗೆ, ಅಂದರೆ ಫೆಬ್ರವರಿ ನಡುವಿನಿಂದ ಮಾರ್ಚ್ ಮೊದಲ ಭಾಗದವರೆಗೆ, ಶಾಲೆಗಳಿಗೆ ಒಂದೊಂದು ವಾರ ‘ಸ್ಪೋರ್ಟ್‌ಲೋವ್’ ಎಂಬ ಕ್ರೀಡಾರಜೆ. ಯೋಟೆಬೊರಿಯ ಮಕ್ಕಳಿಗೆ ಏಳನೆಯ ವಾರ, ಸ್ಟಾಕ್‌ಹೋಮಿನವರಿಗೆ ಒಂಬತ್ತನೆಯದು. ಆ ವಾರಗಳಲ್ಲಿ ಓರೆಯ ವಸತಿಗಳು ತುಂಬಿ ತುಳುಕುತ್ತವೆ, ಬಾಡಿಗೆ ಏರುತ್ತದೆ. ಪರದೇಶದಿಂದ ಬರುವವರು ಈ ವಾರಗಳನ್ನು ತಪ್ಪಿಸಿ ಬರುವುದು ಜಾಣತನ.

ಈ ರಜೆಯ ಹುಟ್ಟಿನಲ್ಲಿ ವಿಲಾಸದ ಸೋಂಕೂ ಇರಲಿಲ್ಲ. 1940ರಲ್ಲಿ ಯುದ್ಧದಿಂದಾಗಿ ಕಲ್ಲಿದ್ದಲಿನ ಅಭಾವ ತಲೆದೋರಿದಾಗ ಶಾಲೆಗಳನ್ನು ಬೆಚ್ಚಗಿಡುವ ಇಂಧನವನ್ನು ಉಳಿಸಲೆಂದು ಒಂದು ವಾರ ಬಾಗಿಲು ಮುಚ್ಚಿದರು; ಬಿಡುವಾದ ಮಕ್ಕಳಿಗೆ ಹಿಮದಲ್ಲಿ ಆಡಲು ಏರ್ಪಾಡು ಮಾಡಿದರು. ಅಭಾವ ತೀರಿದ ಮೇಲೂ ರಜೆ ಉಳಿಯಿತು. ಈಗ ಅದೇ ವಾರ ಕೆಲವು ತಂದೆತಾಯಿಗಳಿಗೆ ಮುಜುಗರದ ವಾರವಾಗಿದೆ: ಸ್ಕೀ, ಬೂಟು, ಹೆಲ್ಮೆಟ್, ಲಿಫ್ಟಿನ ಟಿಕೆಟ್ ಎಲ್ಲವೂ ದುಬಾರಿ. ಇದಕ್ಕೊಂದು ಪರಿಹಾರವೂ ಹುಟ್ಟಿಕೊಂಡಿದೆ. 2013ರಲ್ಲಿ ದೇಯೆ ಎಂಬ ಸಣ್ಣ ಊರಿನಲ್ಲಿ ಆರಂಭವಾದ ‘ಫ್ರಿತೀದ್ಸ್‌ಬ್ಯಾಂಕೆನ್’ ಗ್ರಂಥಾಲಯದ ರೀತಿಯದು. ಪುಸ್ತಕದ ಬದಲು ಆಟದ ಸಲಕರಣೆ ಕೊಡುತ್ತದೆ. ಎರಡು ವಾರದ ಎರವಲು, ಬಾಡಿಗೆಯಿಲ್ಲ, ಯಾರು ಬೇಕಾದರೂ ಒಯ್ಯಬಹುದು. ಇಂದು ಅದರ ಶಾಖೆಗಳು ದೇಶದ ಅನೇಕ ಊರುಗಳಲ್ಲಿವೆ. ಬಡವರೆಂಬ ಪ್ರಮಾಣಪತ್ರ ಕೇಳದಿರುವುದೇ ಅದರ ದೊಡ್ಡ ಗುಣ.

ವಾರದ ಆಯ್ಕೆಯಲ್ಲಿ ಬೆಳಕಿನ ಪಾಲೂ ಇದೆ. ಓರೆಯಿರುವುದು 63ನೆಯ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಹಗಲು ನಾಲ್ಕೂವರೆ ಗಂಟೆಯಷ್ಟೇ. ಮಾರ್ಚ್ ಮೂರನೆಯ ವಾರಕ್ಕೆ ಹಗಲು ಇರುಳು ಸಮವಾಗುತ್ತವೆ, ಹಿಮವೋ ಏಪ್ರಿಲ್‌ನಲ್ಲಿಯೂ ಉಳಿದಿರುತ್ತದೆ. ಚಿಕ್ಕ ಮಕ್ಕಳಿದ್ದವರಿಗೆ ಈ ಕಾಲವೇ ಹಿತ.

ಸ್ಟಾಕ್‌ಹೋಮಿನಿಂದ ರಾತ್ರಿಯ ರೈಲು ಹತ್ತಿದರೆ ಬೆಳಗಿಗೆ ಊರ ನಡುವೆಯೇ ಇಳಿಯಬಹುದು. 1882ರಲ್ಲಿ ಈ ಮಾರ್ಗ ತೆರೆದಾಗ ಬಂದವರಿಗೆ ಸ್ಕೀಯ ಹಂಬಲವಿರಲಿಲ್ಲ. ಬೆಟ್ಟದ ಶುದ್ಧ ಗಾಳಿಯನ್ನು ಅರಸಿ ಬಂದ ಅವರನ್ನು ಊರವರು ‘ಗಾಳಿ ಅತಿಥಿಗಳು’ ಎಂದು ಕರೆದರು. ಆ ಗಾಳಿಯೇ ಇಂದಿನವರ ಲೆಕ್ಕವನ್ನು ಕೆಡಿಸುವುದುಂಟು. ಬಿರುಸಾಗಿ ಬೀಸಿದ ದಿನ ಮೇಲಿನ ಲಿಫ್ಟುಗಳನ್ನು ನಿಲ್ಲಿಸುತ್ತಾರೆ. ಆದ್ದರಿಂದ ಐದು ದಿನದ ಆಟಕ್ಕೆ ಆರು ದಿನದ ವಸತಿ ಹಿಡಿಯುವುದು ಲೇಸು. ಜಾರುದಾರಿಗಳಿಗೆ ಬಣ್ಣದ ಗುರುತುಗಳಿವೆ: ಹಸಿರು ಹೊಸಬರಿಗೆ, ಆಮೇಲೆ ನೀಲಿ, ಕೆಂಪು, ಕೊನೆಗೆ ಕಪ್ಪು. ಕಲಿಯುವ ಮಗುವನ್ನು ಹಿರಿಯರ ಹುರುಪಿಗೆ ಕೆಂಪಿಗೆ ಎಳೆದೊಯ್ಯಬಾರದು.

ಲಿಫ್ಟಿನಾಚೆ, ಗಡಿಯತ್ತ ಹರಡಿರುವ ಬಯಲುಬೆಟ್ಟಗಳಲ್ಲಿ ಚಳಿಗಾಲದ ಹಾದಿಗೆ ಕಂಬದ ಮೇಲಿನ ಕೆಂಪು ಶಿಲುಬೆಗಳೇ ದಿಕ್ಕು. ಬಿರುಗಾಳಿಯಲ್ಲಿ ಅವನ್ನು ಕಳೆದುಕೊಂಡವರ ಗತಿ ಏನೆಂಬುದಕ್ಕೆ ಈ ಸೀಮೆಯಲ್ಲಿ ಹಳೆಯ ಸಾಕ್ಷ್ಯವಿದೆ. ದೊರೆ ಹನ್ನೆರಡನೆಯ ಕಾರ್ಲ್ ಮಡಿದ ಮೇಲೆ, 1719ರ ಆರಂಭದಲ್ಲಿ, ಸೇನಾನಿ ಆರ್ಮ್‌ಫೆಲ್ಟನ ಪಡೆ ನಾರ್ವೆಯಿಂದ ಈ ಬೆಟ್ಟಗಳನ್ನು ದಾಟಿ ಹಿಂದಿರುಗುವಾಗ ಹಿಮಮಾರುತಕ್ಕೆ ಸಿಕ್ಕಿ ಸುಮಾರು 3,000 ಮಂದಿ ಹೆಪ್ಪುಗಟ್ಟಿ ಸತ್ತರು. ಬದುಕಿದವರು ಓರೆಯ ಪಕ್ಕದ ದೂವೆದ್ ಕಡೆಗೆ ಬಂದು ಸೇರಿದರು.

ಲಿಫ್ಟು ನಿಂತ ದಿನ ಮಕ್ಕಳನ್ನು ಓರೆಯ ಹಳೆಯ ಕಲ್ಲಿನ ಇಗರ್ಜಿಗೆ ಕರೆದೊಯ್ಯಬಹುದು. ಅಲ್ಲಿ ಸಂತ ಊಲೋವನ ಒಂದು ಮರದ ವಿಗ್ರಹವಿದೆ. ಆತ ರಾಜನಾಗಿದ್ದವನು, ಆದರೆ ತಲೆಯ ಮೇಲೆ ಕಿರೀಟವಿಲ್ಲ, ಆ ಕಾರ್ಲ್ ದೊರೆಯ ಸಿಪಾಯಿಗಳು ತೊಡುತ್ತಿದ್ದಂತಹ ಟೋಪಿಯಿದೆ.