ನೂವ್ ಶಾಪೆಲ್‌ನ ಕಮಲಸ್ತಂಭ

ಫ್ರಾನ್ಸಿಗೆ ಹೋದವರೆಲ್ಲ ಪ್ಯಾರಿಸನ್ನು ಕಂಡು ಬರುತ್ತಾರೆ, ನಾನೂ ಕಂಡೆ. ಅದರ ವರ್ಣನೆ ವಾಚಕರಿಗೆ ಹೊಸದಲ್ಲ. ನಾನಿಲ್ಲಿ ಹೇಳಹೊರಟಿರುವುದು ಉತ್ತರದಲ್ಲಿ, ಬೆಲ್ಜಿಯಂ ಗಡಿಗೆ ಅನತಿದೂರದಲ್ಲಿರುವ ನೂವ್ ಶಾಪೆಲ್ ಎಂಬ ಗ್ರಾಮದ ಸಂಗತಿ. ನಮ್ಮ ಕಡೆಯಾಗಿದ್ದರೆ ಅದನ್ನು 'ಹೊಸಗುಡಿ' ಎನ್ನುತ್ತಿದ್ದರೇನೋ!

ಲೀಲ್ ನಗರದಿಂದ ಮೋಟಾರಿನಲ್ಲಿ ಹೊರಟೆ. ಬಟ್ಟಬಯಲು; ಗುಡ್ಡವಿಲ್ಲ, ದಿಣ್ಣೆಯಿಲ್ಲ; ಉತ್ತ ಹೊಲಗಳು, ನೀರು ನಿಂತ ಕಾಲುವೆಗಳು. ಎರಡು ಸಾವಿರಕ್ಕೂ ಕಡಮೆ ಜನವಸತಿಯ ಊರು. ಕೆಂಪು ಇಟ್ಟಿಗೆಯ ಮನೆಗಳು ಹಳೆಯವಂತೆ ತೋರಿದರೂ ಯುದ್ಧಾನಂತರ ಮರಳಿ ಕಟ್ಟಿದವು. ಹಿಂದಿನ ಊರು ಮಣ್ಣುಪಾಲಾಗಿತ್ತು.

1915ರ ಮಾರ್ಚ್ 10ರ ಬೆಳಗ್ಗೆ ಮೂವತ್ತೈದು ನಿಮಿಷ ಕಾಲ ಫಿರಂಗಿಗಳು ಮೊರೆದವು. ಅನಂತರ ಮುನ್ನುಗ್ಗಿದ ಸೈನ್ಯದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಭಾರತೀಯರು: ಗಢವಾಲಿಗಳು, ಗೂರ್ಖರು, ಸಿಖ್ಖರು, ಪಠಾಣರು. ಕೆಲವೇ ಗಂಟೆಗಳಲ್ಲಿ ಹಳ್ಳಿ ಕೈವಶವಾಯಿತು. ಆದರೆ ಟೆಲಿಫೋನ್ ತಂತಿಗಳು ಕಡಿದುಹೋಗಿ ಆಜ್ಞೆಗಳು ತಡವಾದವು, ಶತ್ರು ಚೇತರಿಸಿಕೊಂಡ. 13ರಂದು ಕಾಳಗ ನಿಲ್ಲುವ ಹೊತ್ತಿಗೆ ಸತ್ತ, ಗಾಯಗೊಂಡ, ಕಣ್ಮರೆಯಾದ ಭಾರತೀಯರೇ ನಾಲ್ಕು ಸಾವಿರಕ್ಕೂ ಮಿಕ್ಕಿದ್ದರು. ದಕ್ಕಿದ್ದು ಒಂದು ಹಳ್ಳಿ ಮತ್ತು ಅದರಾಚೆಯ ತುಸು ನೆಲ. ಕಂದಕದ ತಿರುವು ತಿರುವಿನಲ್ಲೂ ಎಲ್ಲರಿಗಿಂತ ಮುಂದೆ ನುಗ್ಗಿ ಮಡಿದ ಗಬರ್ ಸಿಂಗ್ ನೇಗಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನಗುವ ಹುಡುಗರ ವಯಸ್ಸು!

ಊರಂಚಿನ ಕೂಡುರಸ್ತೆಯಲ್ಲಿ ನಿಂತಿದೆ ಭಾರತೀಯ ಸ್ಮಾರಕ. 1927ರಲ್ಲಿ ಅನಾವರಣಗೊಂಡ ಇದರ ಶಿಲ್ಪಿ ನವದೆಹಲಿಯ ನಿರ್ಮಾಣದಲ್ಲಿ ಭಾಗಿಯಾಗಿದ್ದ ಹರ್ಬರ್ಟ್ ಬೇಕರ್. ವರ್ತುಲಾಕಾರದ ಪ್ರಾಕಾರ, ಅದರ ಒಂದರ್ಧ ಸಾಂಚಿಯ ಕಲ್ಲುಕಟಾಂಜನವನ್ನು ನೆನಪಿಗೆ ತರುತ್ತದೆ. ಎರಡು ಛತ್ರಿಗಳು, ಕಾವಲಿಗೆ ಎರಡು ಹುಲಿಗಳು, ನಡುವೆ ಸುಮಾರು ಹದಿನೈದು ಮೀಟರ್ ಎತ್ತರದ ಸ್ತಂಭ. ಅಶೋಕಸ್ತಂಭದ ಧಾಟಿಯ ಆ ಕಂಬದ ನೆತ್ತಿಯಲ್ಲಿ ಕಮಲ. ಕಮಲದ ಮೇಲೆ ಬ್ರಿಟಿಷ್ ಕಿರೀಟ! ಆ ಕಿರೀಟವನ್ನು ನೋಡಿದಾಗ ನನಗೆ ಒಳಗೇ ಇರುಸುಮುರುಸಾಯಿತೆಂದು ಒಪ್ಪಿಕೊಳ್ಳಬೇಕು.

ಎದುರಿಗೇ ಪೋರ್ಚುಗೀಸ್ ಸೈನಿಕರ ರುದ್ರಭೂಮಿ. 1918ರಲ್ಲಿ ಈ ಬಯಲಿನಲ್ಲಿ ಅವರ ಸರದಿ. ಗುಂಡೇಟಿಗೆ ಕಾಲು ಕಳೆದುಕೊಂಡ ಇಲ್ಲಿನ ಕ್ರಿಸ್ತವಿಗ್ರಹವೊಂದು 1958ರಲ್ಲಿ ಪೋರ್ಚುಗಲ್ಲಿಗೆ ಸಂದು, ಬಟಾಲ್ಯಾ ಮಠದಲ್ಲಿ ಅಜ್ಞಾತ ಯೋಧನ ಸಮಾಧಿಯ ಬಳಿ ಇದೆ.

ಸ್ಮಾರಕದ ಗೋಡೆಯಲ್ಲಿ 4,700ಕ್ಕೂ ಹೆಚ್ಚು ಹೆಸರುಗಳು. ಗೋರಿಯಾಗಲಿ ಚಿತೆಯಾಗಲಿ ಎಲ್ಲಿತ್ತೆಂದು ಗೊತ್ತಿಲ್ಲದವರು ಇವರು. ಮೈಸೂರಿನ ಅಶ್ವದಳ 1918ರಲ್ಲಿ ಹೈಫಾದಲ್ಲಿ ಕಾದಿದ್ದನ್ನು ನಾವು ಬಲ್ಲೆವು. ಇಲ್ಲಿಯೂ ಕನ್ನಡದ ಹೆಸರೊಂದು ಸಿಕ್ಕೀತೇ ಎಂದು ಹುಡುಕತೊಡಗಿದೆ. ಸ್ವಲ್ಪ ಹೊತ್ತಿನಲ್ಲೇ ಆ ಹುಡುಕಾಟ ಮರೆತುಹೋಗಿ, ಸುಮ್ಮನೆ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತ ನಡೆದೆ. ಸಂಜೆಯಾಯಿತು. ಗೋಡೆಯ ಮೂರನೆಯ ಒಂದು ಪಾಲೂ ಮುಗಿದಿರಲಿಲ್ಲ. ರಸ್ತೆಯಲ್ಲಿ ಮೋಟಾರಿನವನು ಹಾರ್ನ್ ಊದಿದ.